ಮನೆಯಂಗಳದಲ್ಲೇ ಹಾಟ್ ರಾಡ್: ಕಡಿಮೆ ಖರ್ಚು, ಹಲವು ವರ್ಷಗಳ ದುಡಿಮೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಹಿರಿಯರ ಮಾತು. ಅಮೆರಿಕದಲ್ಲಿ ಮನೆಯ ಗ್ಯಾರೇಜಿನೊಳಗೆ ಹಳೆಯ ಫೋರ್ಡ್ ಕಾರೊಂದರ ಅಸ್ಥಿಪಂಜರವನ್ನು ಇರಿಸಿಕೊಂಡು ವರ್ಷಗಟ್ಟಲೆ ಬೆವರು ಸುರಿಸುವವರು ಇದಕ್ಕೆ ‘ಹಾಟ್ ರಾಡ್ ಕಟ್ಟಿ ನೋಡು’ ಎಂಬ ಮೂರನೆಯ ಮಾತನ್ನೂ ಸೇರಿಸಿಯಾರು! ಸಂಬಳದಲ್ಲಿ ಉಳಿದ ಹಣ, ವಾರಾಂತ್ಯದಲ್ಲಿ ಉಳಿದ ಸಮಯ ಇವೆರಡನ್ನೇ ನೆಚ್ಚಿಕೊಂಡು, ಗುಜರಿಯಿಂದ ತಂದ ಬಿಡಿಭಾಗಗಳನ್ನು ಜೋಡಿಸಿ ಸ್ವಂತ ಕಾರನ್ನು ಕಟ್ಟುವ ಈ ಹವ್ಯಾಸಕ್ಕೆ ಎಂಟು ದಶಕಗಳಿಗೂ ಮಿಕ್ಕ ಇತಿಹಾಸವಿದೆ.

ಹಣವುಳ್ಳವರು ಇಂತಹ ಕಾರನ್ನು ವೃತ್ತಿಪರ ಕಾರ್ಯಾಗಾರಕ್ಕೆ ಒಪ್ಪಿಸಿ ಸಿದ್ಧಪಡಿಸಿಕೊಳ್ಳುತ್ತಾರೆ. ಹಣವಿಲ್ಲದವರು ಅದೇ ಕೆಲಸವನ್ನು ಐದು, ಹತ್ತು, ಕೆಲವೊಮ್ಮೆ ಇಪ್ಪತ್ತು ವರ್ಷಗಳಿಗೆ ಹಂಚಿಕೊಳ್ಳುತ್ತಾರೆ. ಹಣದ ಕೊರತೆಯನ್ನು ಕಾಲದಿಂದಲೂ ಕೈಕೆಲಸದಿಂದಲೂ ತುಂಬುವುದೇ ಇಲ್ಲಿನ ಗುಟ್ಟು. ಆದರೆ ಈ ವಿನಿಮಯಕ್ಕೂ ಮಿತಿಯುಂಟು. ಕಾಲವು ಹಣವನ್ನು ಉಳಿಸಿಕೊಡುವಂತೆಯೇ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ರಬ್ಬರನ್ನು ಒಣಗಿಸುತ್ತದೆ, ಉತ್ಸಾಹವನ್ನೂ ಕುಗ್ಗಿಸುತ್ತದೆ. ಅಲ್ಲದೆ ಬ್ರೇಕು, ಸ್ಟೀರಿಂಗ್ ಮತ್ತು ಚಾಸಿಯ ವಿಷಯದಲ್ಲಿ ಮಾಡುವ ಉಳಿತಾಯ ಪ್ರಾಣಕ್ಕೇ ಎರವಾಗಬಹುದು. ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂಬ ವಿವೇಕವೇ ಕಡಿಮೆ ಖರ್ಚಿನ ಹಾಟ್ ರಾಡ್‌ನ ಜೀವಾಳ.

ಏನಿದು ಹಾಟ್ ರಾಡ್?

ಹಳೆಯ ಕಾರಿನ ಅನಗತ್ಯ ಭಾರವನ್ನು ಕಳಚಿ, ಅದಕ್ಕೆ ಹೆಚ್ಚು ಶಕ್ತಿಯ ಎಂಜಿನ್ ಅಳವಡಿಸಿ, ವೇಗಕ್ಕಾಗಿ ಮರುರೂಪಿಸಿದ ವಾಹನವೇ ಹಾಟ್ ರಾಡ್. ಹೆಚ್ಚಾಗಿ ಇವು 1920 ಮತ್ತು 1930ರ ದಶಕಗಳ ಅಮೆರಿಕನ್ ಕಾರುಗಳು. ಮಡ್‌ಗಾರ್ಡ್ ಇಲ್ಲದ ಚಕ್ರಗಳು, ತೆರೆದಿಟ್ಟ ಎಂಜಿನ್, ನೆಲಕ್ಕೆ ಬಾಗಿದ ಮುಂಭಾಗ, ಹಿಂದೆ ದೊಡ್ಡ ಟಯರು, ಮುಂದೆ ಚಿಕ್ಕ ಟಯರು ಇವುಗಳ ಹೊರ ಲಕ್ಷಣಗಳು. ‘ಹಾಟ್ ರೋಡ್‌ಸ್ಟರ್’ ಎಂಬುದೇ ಸಂಕ್ಷೇಪಗೊಂಡು ಈ ಹೆಸರಾಯಿತು ಎಂಬ ವಿವರಣೆ ಪ್ರಚಲಿತದಲ್ಲಿದೆ. ರೋಡ್‌ಸ್ಟರ್ ಎಂದರೆ ಮೇಲ್ಛಾವಣಿ ಇಲ್ಲದ, ಇಬ್ಬರು ಕೂರಬಹುದಾದ ಹಗುರ ಕಾರು.

ಹಳೆಯ ಕಾರುಗಳ ಹವ್ಯಾಸದಲ್ಲಿ ಎರಡು ಪಂಥಗಳಿವೆ. ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಕಾರನ್ನು ಉಳಿಸಿಕೊಳ್ಳುವುದು ವಿಂಟೇಜ್ ಪ್ರಿಯರ ಗುರಿ. ಹಾಟ್ ರಾಡ್ ಕಟ್ಟುವವರ ದಾರಿ ಇದಕ್ಕೆ ತದ್ವಿರುದ್ಧ. ಒಂದು ಕಾರಿನ ಒಡಲು, ಇನ್ನೊಂದರ ಎಂಜಿನ್, ಮತ್ತೊಂದರ ಆಕ್ಸಲ್ ಸೇರಿಸಿ ಕಂಪನಿ ಎಂದೂ ತಯಾರಿಸದ ಕಾರನ್ನು ರೂಪಿಸುವುದರಲ್ಲೇ ಅವರ ಹೆಮ್ಮೆ ಅಡಗಿದೆ.

ಒಣಗಿದ ಕೆರೆಯಂಗಳದಲ್ಲಿ ಜನನ

ದಕ್ಷಿಣ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಮ್ಯೂರಾಕ್, ಎಲ್ ಮಿರಾಜ್ ಮುಂತಾದ ಒಣಗಿದ ಕೆರೆಗಳಿವೆ. ಗಟ್ಟಿಯಾದ ಅವುಗಳ ಸಮತಟ್ಟು ನೆಲದ ಮೇಲೆ 1930ರ ದಶಕದಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತಲ ಯುವಕರು ತಮ್ಮ ಕಾರುಗಳ ವೇಗವನ್ನು ಪರೀಕ್ಷಿಸುತ್ತಿದ್ದರು. ಈ ಓಟಗಳಿಗೆ ಶಿಸ್ತು ತರಲೆಂದು 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಶನ್ ಸ್ಥಾಪನೆಯಾಯಿತು. ಮರುವರ್ಷ ಮ್ಯೂರಾಕ್‌ನಲ್ಲಿ ಅದರ ಮೊದಲ ಸ್ಪರ್ಧೆ ನಡೆಯಿತು. ಅದೇ ಮ್ಯೂರಾಕ್ ಮುಂದೆ ಎಡ್ವರ್ಡ್ಸ್ ವಾಯುನೆಲೆಯ ಭಾಗವಾಯಿತು.

ಎರಡನೆಯ ಮಹಾಯುದ್ಧ ಈ ಹವ್ಯಾಸಕ್ಕೆ ಹೊಸ ತಿರುವು ನೀಡಿತು. 1942ರ ಆರಂಭದಲ್ಲಿ ಅಮೆರಿಕದಲ್ಲಿ ಸಾರ್ವಜನಿಕರಿಗಾಗಿ ಕಾರು ತಯಾರಿಸುವುದನ್ನೇ ನಿಲ್ಲಿಸಲಾಯಿತು. ಯುದ್ಧ ಮುಗಿದಾಗ ಸೈನ್ಯದಲ್ಲಿ ಯಂತ್ರದ ಕೆಲಸ ಕಲಿತ ಸಾವಿರಾರು ಯುವಕರು ಮನೆಗೆ ಮರಳಿದರು. ಸೈನ್ಯಕ್ಕೆ ಬೇಡವಾದ ಸಾಮಗ್ರಿ ಅಗ್ಗದ ಬೆಲೆಗೆ ಮಾರಾಟಕ್ಕೆ ಬಂದಿತು. ಯುದ್ಧವಿಮಾನದಡಿ ತೂಗಿಸುತ್ತಿದ್ದ ಹೆಚ್ಚುವರಿ ಇಂಧನದ ಟ್ಯಾಂಕನ್ನೇ ಕಾರಿನ ಒಡಲಾಗಿಸಿಕೊಳ್ಳುವ ಉಪಾಯವನ್ನು ಬಿಲ್ ಬರ್ಕ್ ಎಂಬಾತ 1946ರಲ್ಲಿ ಕಾರ್ಯರೂಪಕ್ಕೆ ತಂದ. ಬೇರೆಯವರಿಗೆ ಬೇಡವಾದ ವಸ್ತುವಿನಲ್ಲಿ ಉಪಯೋಗ ಕಾಣುವ ಇಂಥ ಕಣ್ಣೇ ಹಾಟ್ ರಾಡ್‌ಗಳ ಮೂಲ ಬಂಡವಾಳ ಎನ್ನಬಹುದು.

1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ಮತ್ತು ರಾಬರ್ಟ್ ಲಿಂಡ್ಸೆ ‘ಹಾಟ್ ರಾಡ್’ ಮಾಸಪತ್ರಿಕೆಯನ್ನು ಆರಂಭಿಸಿದರು. 1949ರಲ್ಲಿ ಯೂಟಾ ರಾಜ್ಯದ ಬೊನ್‌ವಿಲ್ ಉಪ್ಪಿನ ಬಯಲಿನಲ್ಲಿ ಮೊದಲ ‘ಸ್ಪೀಡ್ ವೀಕ್’ ಜರುಗಿತು. ಈ ನಡುವೆ ನಗರದ ಬೀದಿಗಳಲ್ಲಿ ನಡೆಯುತ್ತಿದ್ದ ಓಟಗಳಿಂದಾಗಿ ಹಾಟ್ ರಾಡ್ ಎಂದರೆ ಪುಂಡರ ಗಾಡಿ ಎಂಬ ಅಪಖ್ಯಾತಿಯೂ ಅಂಟಿಕೊಂಡಿತ್ತು. ಯುವಕರನ್ನು ಬೀದಿಯಿಂದ ಸುರಕ್ಷಿತ ಪಥಗಳಿಗೆ ಕರೆತರುವ ಉದ್ದೇಶದಿಂದ ವಾಲಿ ಪಾರ್ಕ್ಸ್ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಶನ್ ಹುಟ್ಟುಹಾಕಿದರು. ಒಂದು ಕಾಲದಲ್ಲಿ ಗುಜರಿ ಎನಿಸಿಕೊಂಡಿದ್ದ ಈ ಕಾರುಗಳಿಗೆ 1997ರಲ್ಲಿ ಪೆಬಲ್ ಬೀಚ್‌ನ ಪ್ರತಿಷ್ಠಿತ ಕಾರು ಪ್ರದರ್ಶನದಲ್ಲೂ ಪ್ರತ್ಯೇಕ ಸ್ಥಾನ ದೊರೆಯಿತು.

ಫೋರ್ಡ್ ಕಾರೇ ಏಕೆ?

ಹಾಟ್ ರಾಡ್ ಎಂದೊಡನೆ ಫೋರ್ಡ್ ಹೆಸರು ಕೇಳಿಬರಲು ಮುಖ್ಯ ಕಾರಣ ಆ ಕಾರುಗಳ ಸಂಖ್ಯೆ. 1908ರಿಂದ 1927ರವರೆಗೆ ತಯಾರಾದ ಮಾಡೆಲ್ ಟಿ ಕಾರುಗಳು ಸುಮಾರು ಒಂದೂವರೆ ಕೋಟಿ. ಅದರ ಬೆನ್ನಿಗೇ ಬಂದ ಮಾಡೆಲ್ ಎ ಸುಮಾರು 48 ಲಕ್ಷ ಸಂಖ್ಯೆಯಲ್ಲಿ ತಯಾರಾಯಿತು. ಹೀಗಾಗಿ ಹಳತಾದ ಫೋರ್ಡ್‌ಗಳು ಎಲ್ಲ ಗುಜರಿ ಅಂಗಡಿಗಳಲ್ಲೂ ಬಿದ್ದಿರುತ್ತಿದ್ದವು. ಒಂದು ವರ್ಷದ ಫೋರ್ಡ್‌ನ ಭಾಗಗಳು ಇನ್ನೊಂದು ವರ್ಷದ ಫೋರ್ಡ್‌ಗೆ ಹೆಚ್ಚು ತಿದ್ದುಪಡಿ ಇಲ್ಲದೆ ಹೊಂದಿಕೊಳ್ಳುತ್ತಿದ್ದುದು ಮತ್ತೊಂದು ಅನುಕೂಲ.

1932ರಲ್ಲಿ ಹೆನ್ರಿ ಫೋರ್ಡ್ ಸಾಮಾನ್ಯರ ಕೈಗೆಟಕುವ ವಿ8 ಎಂಜಿನ್ ಕೊಟ್ಟದ್ದು ನಿರ್ಣಾಯಕವಾಯಿತು. ಎಂಟು ಸಿಲಿಂಡರುಗಳು ನಾಲ್ಕು ನಾಲ್ಕರಂತೆ ಎರಡು ಸಾಲಿನಲ್ಲಿ ಓರೆಯಾಗಿ ನಿಂತಿರುವ ಈ ಎಂಜಿನ್‌ನ ಗಾತ್ರ 221 ಘನ ಅಂಗುಲ, ಅಂದರೆ ಸುಮಾರು 3.6 ಲೀಟರ್. ಶಕ್ತಿ 65 ಅಶ್ವಶಕ್ತಿ. ಇದಕ್ಕೆ ಹೋಲಿಸಿದರೆ ಮಾಡೆಲ್ ಎ ಎಂಜಿನ್‌ನ ಶಕ್ತಿ ಕೇವಲ 40 ಅಶ್ವಶಕ್ತಿ. ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿದ್ದು ಮೇಲಿನ ಮುಚ್ಚಳ ಚಪ್ಪಟೆಯಾಗಿರುವುದರಿಂದ ಇದಕ್ಕೆ ‘ಫ್ಲ್ಯಾಟ್‌ಹೆಡ್’ ಎಂಬ ಅಡ್ಡಹೆಸರು. ಹಗುರವಾದ ಮಾಡೆಲ್ ಎ ಒಡಲಿಗೆ ಈ ಎಂಜಿನ್ ಕೂರಿಸಿದ ಕಾರೇ ಮನೆಯಲ್ಲಿ ಕಟ್ಟುವ ಹಾಟ್ ರಾಡ್‌ನ ಮಾದರಿಯಾಯಿತು.

1955ರಲ್ಲಿ ಶೆವ್ರೊಲೆ ಕಂಪನಿಯ ಸ್ಮಾಲ್ ಬ್ಲಾಕ್ ವಿ8 ಬಂದ ಮೇಲೆ ಫ್ಲ್ಯಾಟ್‌ಹೆಡ್‌ನ ಯುಗ ಹಿನ್ನೆಲೆಗೆ ಸರಿಯಿತು. ಹಗುರ, ಶಕ್ತಿಶಾಲಿ, ಬಿಡಿಭಾಗ ಎಲ್ಲೆಡೆ ಲಭ್ಯ ಎಂಬ ಕಾರಣಗಳಿಗಾಗಿ ಮಿತ ಖರ್ಚಿನಲ್ಲಿ ಕಾರು ಕಟ್ಟುವವರ ಅಚ್ಚುಮೆಚ್ಚಿನ ಎಂಜಿನ್ ಅದಾಯಿತು. ಫೋರ್ಡ್ ಒಡಲಿನಲ್ಲಿ ಶೆವ್ರೊಲೆ ಎಂಜಿನ್ ಇರಿಸುವುದು ಸಂಪ್ರದಾಯಸ್ಥರಿಗೆ ಹಿಡಿಸದಿದ್ದರೂ ಜೇಬಿಗೆ ಹಿತವಾಗಿತ್ತು!

ತಿಳಿದಿರಬೇಕಾದ ಕೆಲವು ಪದಗಳು

ಚಾಪ್: ಕಂಬಗಳನ್ನು ಕತ್ತರಿಸಿ ಕಾರಿನ ಮೇಲ್ಛಾವಣಿಯನ್ನು ಕೆಲವು ಅಂಗುಲ ತಗ್ಗಿಸುವುದು.

ಚಾನೆಲ್: ಒಡಲಿನ ನೆಲವನ್ನು ಕತ್ತರಿಸಿ, ಒಡಲು ಚಾಸಿಯ ಮೇಲೆ ಕೂರುವ ಬದಲು ಅದನ್ನು ಆವರಿಸಿ ಕೆಳಗಿಳಿಯುವಂತೆ ಮಾಡುವುದು.

ಹೈಬಾಯ್: ಮಡ್‌ಗಾರ್ಡ್ ತೆಗೆದಿದ್ದರೂ ಒಡಲು ಮೂಲ ಎತ್ತರದಲ್ಲೇ ಚಾಸಿಯ ಮೇಲಿರುವ ಕಾರು.

ಬಾಕ್ಸಿಂಗ್: ಮೂರು ಬದಿಗಳಷ್ಟೇ ಇರುವ ಚಾಸಿ ತೊಲೆಗೆ ನಾಲ್ಕನೆಯ ಬದಿಯಲ್ಲಿ ಉಕ್ಕಿನ ಪಟ್ಟಿಯನ್ನು ಬೆಸೆದು ಪೆಟ್ಟಿಗೆಯಂತೆ ಮುಚ್ಚುವುದು. ಇದರಿಂದ ತೊಲೆ ತಿರುಚುವುದು ಬಹುಮಟ್ಟಿಗೆ ತಪ್ಪುತ್ತದೆ.

ಡ್ರಾಪ್ಡ್ ಆಕ್ಸಲ್: ಮುಂಭಾಗವನ್ನು ತಗ್ಗಿಸಲೆಂದು ನಡುವೆ ಕೆಳಕ್ಕೆ ಬಾಗಿಸಿದ ಮುಂದಿನ ಆಕ್ಸಲ್.

ಮೊದಲು ಕಾಗದ, ಆಮೇಲೆ ಕಬ್ಬಿಣ

ಅಗ್ಗಕ್ಕೆ ಸಿಕ್ಕಿತೆಂದು ದಾಖಲೆ ಇಲ್ಲದ ಒಡಲನ್ನು ಕೊಂಡು, ಹತ್ತು ವರ್ಷ ದುಡಿದ ಮೇಲೆ ನೋಂದಣಿಯಾಗದೆ ಪರದಾಡುವುದು ಈ ಹವ್ಯಾಸದ ದೊಡ್ಡ ದುರಂತ. ಮಾಡೆಲ್ ಎ ಮತ್ತು 1932ರ ಫೋರ್ಡ್‌ಗಳಲ್ಲಿ ಗುರುತಿನ ಸಂಖ್ಯೆಯನ್ನು ಎಡಗಡೆಯ ಚಾಸಿ ತೊಲೆಯ ಮೇಲ್ಮೈಯಲ್ಲಿ ಅಚ್ಚೊತ್ತಲಾಗಿದೆ. ಒಡಲು ಕೂತಿರುವಾಗ ಅದು ಕಣ್ಣಿಗೆ ಬೀಳುವುದಿಲ್ಲ. ಕಾಗದದಲ್ಲಿರುವ ಸಂಖ್ಯೆಯೂ ತೊಲೆಯ ಸಂಖ್ಯೆಯೂ ಒಂದೇ ಎಂದು ಖಚಿತಪಡಿಸಿಕೊಂಡ ಬಳಿಕವೇ ಹಣ ಕೊಡುವುದು ಲೇಸು. ಚಾಸಿಯನ್ನು ಕತ್ತರಿಸುವಾಗ ಆ ಭಾಗವನ್ನು ಮುಟ್ಟದಿರುವುದೂ ಅಷ್ಟೇ ಮುಖ್ಯ.

ಅಮೆರಿಕದಲ್ಲಿ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 2001ರಲ್ಲಿ ಅಂಗೀಕಾರವಾದ ಕಾಯ್ದೆಯೊಂದು ‘ವಿಶೇಷವಾಗಿ ನಿರ್ಮಿಸಿದ ವಾಹನ’ಗಳಿಗೆ ವರ್ಷಕ್ಕೆ 500ರ ಮಿತಿಯಲ್ಲಿ ಹೊಗೆ ತಪಾಸಣೆಯ ರಿಯಾಯಿತಿ ಕಲ್ಪಿಸಿತು. ವಾಹನದ ಒಡಲು ಅಥವಾ ಎಂಜಿನ್ ಯಾವ ವರ್ಷದ ಮಾದರಿಯನ್ನು ಹೋಲುತ್ತದೆಯೋ ಆ ವರ್ಷದ ಮಾನದಂಡವನ್ನೇ ಅನ್ವಯಿಸುವುದು ಇದರ ತಿರುಳು. ಇಂಥ ನಿಯಮಗಳನ್ನು ಮೊದಲೇ ಓದಿಕೊಂಡವರು ಎಂಜಿನ್ ಆಯ್ಕೆಯಲ್ಲಿ ಎಡವುವುದಿಲ್ಲ.

ಕೆಲಸದ ಕ್ರಮ

ಅನುಭವಿಗಳು ಮೊದಲು ಮಾಡುವುದು ‘ಮಾಕ್ ಅಪ್’, ಅಂದರೆ ತಾತ್ಕಾಲಿಕ ಜೋಡಣೆ. ಚಕ್ರ, ಆಕ್ಸಲ್, ಖಾಲಿ ಎಂಜಿನ್ ಬ್ಲಾಕ್, ಗೇರ್ ಬಾಕ್ಸ್, ಒಡಲು, ರೇಡಿಯೇಟರ್, ಆಸನ ಎಲ್ಲವನ್ನೂ ಮರದ ತುಂಡುಗಳ ಮೇಲೆ ಇರಿಸಿ ಕಾರಿನ ನಿಲುವನ್ನು ನಿರ್ಧರಿಸುತ್ತಾರೆ. ಚಾಲಕ ಕೂತು ನೋಡಿ ಕಾಲಿಗೆ ಪೆಡಲ್, ಕೈಗೆ ಸ್ಟೀರಿಂಗ್ ಎಟಕುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಆ ತನಕ ಬೆಸುಗೆ ಚುಕ್ಕಿಗಳಷ್ಟೇ. ಪೂರ್ಣ ಬೆಸುಗೆ ಇಲ್ಲ.

ಎರಡನೆಯದು ಚಾಸಿ. ಅದನ್ನು ಸಮತಟ್ಟಾದ ನೆಲೆಯ ಮೇಲಿರಿಸಿ, ಮೂಲೆಯಿಂದ ಮೂಲೆಗೆ ಕರ್ಣರೇಖೆಗಳನ್ನು ಅಳೆಯಬೇಕು. ಎರಡೂ ಕರ್ಣಗಳು ಸಮವಾಗಿರದಿದ್ದರೆ ಕಾರು ಓರೆಯಾಗಿ ಚಲಿಸುತ್ತದೆ. ನಾಲ್ಕು ಸಿಲಿಂಡರಿನ ಪುಟ್ಟ ಎಂಜಿನ್‌ಗಾಗಿ ರೂಪಿಸಿದ ಮಾಡೆಲ್ ಎ ತೊಲೆಗಳು ವಿ8ರ ತಿರುಚುಬಲವನ್ನು ತಾಳಲಾರವು. ಆದ್ದರಿಂದ ಬಾಕ್ಸಿಂಗ್ ಮತ್ತು ಅಡ್ಡತೊಲೆಗಳು ಅಗತ್ಯ. ಒಂದೇ ಕಡೆ ಉದ್ದಕ್ಕೂ ಬೆಸುಗೆ ಹಾಕಿದರೆ ಶಾಖಕ್ಕೆ ತೊಲೆ ಬಾಗುತ್ತದೆ. ಅಂಗುಲದಷ್ಟು ಇಲ್ಲಿ, ಅಂಗುಲದಷ್ಟು ಅಲ್ಲಿ ಎಂಬಂತೆ ಸ್ಥಳ ಬದಲಿಸುತ್ತ ಬೆಸೆಯುವುದು ರೂಢಿ.

ಮೂರನೆಯದು ಆಕ್ಸಲ್, ಸ್ಟೀರಿಂಗ್ ಮತ್ತು ಬ್ರೇಕು. ನಾಲ್ಕನೆಯದು ಎಂಜಿನ್, ಗೇರ್ ಬಾಕ್ಸ್, ರೇಡಿಯೇಟರ್. ಐದನೆಯದು ಒಡಲಿನ ತುಕ್ಕು ನಿವಾರಣೆ ಮತ್ತು ಟಿಂಕರಿಂಗ್. ತುಕ್ಕು ತಿಂದ ಭಾಗವನ್ನು ಕತ್ತರಿಸುವ ಮುನ್ನ ಒಡಲಿನೊಳಗೆ ಕಬ್ಬಿಣದ ಆಧಾರಪಟ್ಟಿಗಳನ್ನು ಬೆಸೆದು ಆಕಾರ ಕೆಡದಂತೆ ನೋಡಿಕೊಳ್ಳಬೇಕು. ಬಾಗಿಲುಗಳನ್ನು ಮುಚ್ಚಿಟ್ಟುಕೊಂಡೇ ಈ ಕೆಲಸ ಮಾಡದಿದ್ದರೆ ಕೊನೆಗೆ ಬಾಗಿಲು ಹಾಕಲು ಬಾರದ ಕಾರು ಸಿದ್ಧವಾಗುತ್ತದೆ. ಆರನೆಯದು ವಿದ್ಯುತ್ ವ್ಯವಸ್ಥೆ. ಮಾಡೆಲ್ ಎ ಕಾರಿನದು 6 ವೋಲ್ಟ್ ವ್ಯವಸ್ಥೆ. ಅದರಲ್ಲಿ ಬ್ಯಾಟರಿಯ ಧನ ತುದಿಯನ್ನು ಚಾಸಿಗೆ ಜೋಡಿಸಲಾಗಿತ್ತು. ಆಧುನಿಕ ಬಿಡಿಭಾಗ ಬಳಸುವವರು 12 ವೋಲ್ಟ್‌ಗೆ ಬದಲಾಯಿಸಿ, ಋಣ ತುದಿಯನ್ನು ಚಾಸಿಗೆ ಜೋಡಿಸಿ, ಪ್ರತಿ ಮಂಡಲಕ್ಕೂ ಫ್ಯೂಸ್ ಅಳವಡಿಸುತ್ತಾರೆ.

ಬಣ್ಣ ಎಲ್ಲಕ್ಕಿಂತ ಕೊನೆಗೆ. ಕಾರನ್ನು ಪ್ರೈಮರ್ ಬಳಿದ ಸ್ಥಿತಿಯಲ್ಲೇ ಕೆಲವು ನೂರು ಕಿಲೋಮೀಟರ್ ಓಡಿಸಿ, ಸೋರುವುದು, ಉಜ್ಜುವುದು, ಬಿರುಕು ಬಿಡುವುದು ಎಲ್ಲವನ್ನೂ ಸರಿಪಡಿಸಿದ ಬಳಿಕ ಬಿಚ್ಚಿ ಬಣ್ಣ ಹಚ್ಚುವುದು ಜಾಣತನ. ಹೊಳೆಯುವ ಬಣ್ಣದ ಮೇಲೆ ಮತ್ತೆ ಗ್ರೈಂಡರ್ ಹಿಡಿಯುವ ಸಂಕಟ ಯಾರಿಗೂ ಬೇಡ.

ಎಲ್ಲಿ ಉಳಿಸಬಹುದು?

ಎಂಜಿನ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್‌ಗಳನ್ನು ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ, ಅಪಘಾತದಲ್ಲಿ ಒಡಲು ಜಜ್ಜಿಹೋದ ಇಡೀ ಕಾರನ್ನೇ ಕೊಳ್ಳುವುದು ಲಾಭಕರ. ಬೇಕಾದ ಭಾಗಗಳ ಜೊತೆಗೆ ತಂತಿ, ಬ್ರಾಕೆಟ್, ಪಂಪು, ನಟ್ಟು-ಬೋಲ್ಟುಗಳೂ ದೊರೆಯುತ್ತವೆ. ಉಳಿದುದನ್ನು ಮಾರಿದರೆ ಖರ್ಚಿನ ಒಂದಷ್ಟು ಪಾಲು ಹಿಂದಿರುಗುತ್ತದೆ.

ಬಿಡಿಭಾಗಗಳ ಸಂತೆ ಮತ್ತೊಂದು ಆಸರೆ. ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ 1955ರಿಂದ ನಡೆದುಬಂದಿರುವ ಶರತ್ಕಾಲದ ಮೇಳ, ಕ್ಯಾಲಿಫೋರ್ನಿಯಾದ ಪೊಮೊನಾ ಸಂತೆ ಇವು ಹೆಸರಾದವು. ಇಲ್ಲಿ ಹಣಕ್ಕಷ್ಟೇ ಅಲ್ಲದೆ ವಸ್ತುವಿಗೆ ವಸ್ತು ಎಂಬ ವಿನಿಮಯವೂ ನಡೆಯುತ್ತದೆ. ಬೆಸುಗೆ ಬಲ್ಲವನು ಬಣ್ಣ ಬಲ್ಲವನಿಗೆ ನೆರವಾಗಿ, ಪ್ರತಿಯಾಗಿ ಅವನ ನೆರವು ಪಡೆಯುವ ಮುಯ್ಯಿ ಪದ್ಧತಿಯೂ ಹಾಟ್ ರಾಡ್ ಕ್ಲಬ್ಬುಗಳಲ್ಲಿ ಮೊದಲಿನಿಂದ ಬಂದದ್ದೇ.

ಆಸನ, ಗಡಿಯಾರ ಫಲಕ, ದೀಪ, ಒಳಾಲಂಕಾರ, ಬಣ್ಣ ಇವುಗಳಲ್ಲಿ ಎಷ್ಟು ಬೇಕಾದರೂ ಉಳಿಸಬಹುದು. ಕ್ರೋಮ್ ಲೇಪವಿಲ್ಲದಿದ್ದರೆ ಕಾರು ಓಡದೆ ಇರುವುದಿಲ್ಲ. ಮೂಲ ಉಕ್ಕಿನ ಒಡಲು ದುಬಾರಿಯಾದರೆ ಫೈಬರ್ ಗ್ಲಾಸ್ ಒಡಲಿನ ಆಯ್ಕೆಯೂ ಇದೆ. ಅದರಲ್ಲಿ ತುಕ್ಕಿನ ಕಾಟವಿಲ್ಲ. ಆದರೆ ಬಾಗಿಲು ಮತ್ತು ನೆಲದ ಬಳಿ ಒಳಗಿನಿಂದ ಉಕ್ಕಿನ ಚೌಕಟ್ಟು ಕೊಡದಿದ್ದರೆ ಅದು ಬಳುಕುತ್ತದೆ.

ಎಲ್ಲಿ ಉಳಿಸಬಾರದು?

ಫೋರ್ಡ್ ಕಂಪನಿ 1938ರವರೆಗೂ ಸರಳು ಮತ್ತು ಕೇಬಲ್‌ಗಳಿಂದ ಎಳೆಯುವ ಯಾಂತ್ರಿಕ ಬ್ರೇಕುಗಳನ್ನೇ ಬಳಸಿತು. ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕು ಬಂದದ್ದು 1939ರ ಮಾದರಿಗಳಿಗೆ. ಅಂದಿನ ಯುವಕರು ತಮ್ಮ ಹಳೆಯ ಕಾರುಗಳಿಗೆ ಮೊದಲು ಹುಡುಕಿ ತರುತ್ತಿದ್ದ ಭಾಗಗಳಲ್ಲಿ ಈ 1939 ಮತ್ತು ನಂತರದ ಬ್ರೇಕುಗಳೂ ಸೇರಿದ್ದವು. ವೇಗ ಹೆಚ್ಚಿಸಿದವನು ನಿಲ್ಲಿಸುವ ದಾರಿಯನ್ನೂ ಹುಡುಕಲೇಬೇಕೆಂಬ ತಿಳಿವಳಿಕೆ ಆಗಲೇ ಇತ್ತು.

ಇಂದು ಕಟ್ಟುವವರಿಗೆ ಎರಡು ಪ್ರತ್ಯೇಕ ಮಂಡಲಗಳಿರುವ ಮಾಸ್ಟರ್ ಸಿಲಿಂಡರ್ ಅನಿವಾರ್ಯವೆನ್ನಬೇಕು. ಮುಂದಿನ ಕೊಳವೆ ಒಡೆದರೂ ಹಿಂದಿನ ಬ್ರೇಕು ಉಳಿಯುತ್ತದೆ. ಹಾಟ್ ರಾಡ್‌ಗಳಲ್ಲಿ ಮಾಸ್ಟರ್ ಸಿಲಿಂಡರನ್ನು ಹೆಚ್ಚಾಗಿ ಚಾಲಕನ ಕಾಲಡಿ, ನೆಲದ ಕೆಳಗೆ ಅಡಗಿಸುತ್ತಾರೆ. ಆಗ ಅದು ಚಕ್ರದ ಬ್ರೇಕುಗಳಿಗಿಂತ ಕೆಳಮಟ್ಟದಲ್ಲಿದ್ದು ದ್ರವ ಹಿಮ್ಮುಖವಾಗಿ ಹರಿಯುತ್ತದೆ. ಪೆಡಲ್ ಮೊದಲ ತುಳಿತಕ್ಕೆ ಸಿಗದೆ ಹೋಗಬಹುದು. ಇದನ್ನು ತಡೆಯಲು ಡಿಸ್ಕ್ ಬ್ರೇಕಿನ ಮಂಡಲಕ್ಕೆ ಚದರ ಅಂಗುಲಕ್ಕೆ 2 ಪೌಂಡ್, ಡ್ರಮ್ ಬ್ರೇಕಿನ ಮಂಡಲಕ್ಕೆ 10 ಪೌಂಡ್ ಒತ್ತಡ ಉಳಿಸುವ ಪುಟ್ಟ ವಾಲ್ವುಗಳನ್ನು ಜೋಡಿಸುತ್ತಾರೆ. ಕೆಲವೇ ಡಾಲರ್‌ಗಳ ಈ ವಾಲ್ವು ಬಿಟ್ಟುಹೋದರೆ ವರ್ಷಗಳ ದುಡಿಮೆ ಮೊದಲ ತಿರುವಿನಲ್ಲೇ ಕೊನೆಗಂಡೀತು.

ಸ್ಟೀರಿಂಗ್ ವಿಷಯವೂ ಹಾಗೆಯೇ. ಮುಂದಿನ ಆಕ್ಸಲ್‌ನ ಕಿಂಗ್ ಪಿನ್ನುಗಳು ಹಿಂದಕ್ಕೆ 5ರಿಂದ 7 ಡಿಗ್ರಿಯಷ್ಟು ವಾಲಿರದಿದ್ದರೆ ಕಾರು ನೇರ ಓಡದೆ ತೂರಾಡುತ್ತದೆ. ಎರಕದ ಸ್ಟೀರಿಂಗ್ ಭಾಗಗಳನ್ನು ಕತ್ತರಿಸಿ ಬೆಸೆಯುವುದು, ಉದ್ದ ಸಾಲದ ಬೋಲ್ಟು ಹಾಕಿ ಸುಮ್ಮನಾಗುವುದು, ಅಲುಗಾಟಕ್ಕೆ ಸಡಿಲವಾಗುವಂಥ ಸಾಧಾರಣ ನಟ್ಟು ಬಳಸುವುದು ಖಂಡಿತ ಸಲ್ಲದು. ಬೆಸುಗೆಯಲ್ಲಿ ಕೈ ಪಳಗದವರು ಚಾಸಿ ಮತ್ತು ಆಕ್ಸಲ್ ಆಧಾರಗಳ ಅಂತಿಮ ಬೆಸುಗೆಯನ್ನಾದರೂ ವೃತ್ತಿಪರರಿಂದ ಮಾಡಿಸುವುದು ಒಳಿತು. ಉಳಿದೆಲ್ಲ ಕೆಲಸ ಕಲಿಯುತ್ತ ಮಾಡಬಹುದು. ಇದನ್ನು ಕಲಿತು ಮಾಡಬೇಕು.

ಗ್ಯಾರೇಜಿನಲ್ಲೇ ಕಾದಿರುವ ಅಪಾಯ

ಕಾರು ರಸ್ತೆಗಿಳಿಯುವ ಮುನ್ನವೇ ಅಪಾಯಗಳು ಗ್ಯಾರೇಜಿನಲ್ಲಿ ಹೊಂಚು ಹಾಕಿರುತ್ತವೆ. ಜಾಕ್ ಒಂದನ್ನೇ ನಂಬಿ ಕಾರಿನಡಿ ಮಲಗುವುದು ಅವುಗಳಲ್ಲಿ ಮೊದಲನೆಯದು. ಜಾಕಿನಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಿದ ನಂತರವೇ ಕೆಳಗೆ ಇಳಿಯಬೇಕು. ಖಾಲಿಯಾಗಿ ಕಾಣುವ ಹಳೆಯ ಪೆಟ್ರೋಲ್ ಟ್ಯಾಂಕಿಗೆ ಬೆಸುಗೆ ಹಾಕುವುದು ಬಾಂಬಿನೊಂದಿಗೆ ಸರಸವಾಡಿದಂತೆ; ಒಳಗೆ ಉಳಿದ ಆವಿಯೇ ಸ್ಫೋಟಕ್ಕೆ ಸಾಕು.

ಕ್ಲೋರಿನ್ ಸಂಯುಕ್ತವಿರುವ ಬ್ರೇಕ್ ಕ್ಲೀನರ್ ಬಳಸಿ ತೊಳೆದ ಲೋಹಕ್ಕೆ ಬೆಸುಗೆ ಹಾಕಿದರೆ ಫಾಸ್ಜೀನ್ ಎಂಬ ವಿಷಾನಿಲ ಉತ್ಪತ್ತಿಯಾಗಬಹುದು. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ ಅನಿಲವಿದು. ಸತು ಲೇಪಿತ ತಗಡಿನ ಬೆಸುಗೆಯ ಹೊಗೆ ಜ್ವರ ತರಿಸುತ್ತದೆ. ಹಳೆಯ ಬ್ರೇಕ್ ಲೈನಿಂಗ್‌ಗಳ ಧೂಳಿನಲ್ಲಿ ಕಲ್ನಾರು, ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವವಿದೆ. ಗಾಳಿಯಾಡುವ ಜಾಗ, ಮುಖಗವಸು, ಕೈಗೆಟಕುವಷ್ಟು ಹತ್ತಿರದಲ್ಲಿ ಅಗ್ನಿಶಾಮಕ ಇವಿಷ್ಟೂ ಉಪಕರಣಗಳ ಪಟ್ಟಿಯಲ್ಲಿ ಸ್ಪ್ಯಾನರ್‌ಗಿಂತ ಮೊದಲಿರಬೇಕು.

ಅರ್ಧಕ್ಕೆ ನಿಲ್ಲುವುದೇಕೆ?

‘ಅಪೂರ್ಣ ಯೋಜನೆ, ಮಾರಾಟಕ್ಕಿದೆ’ ಎಂಬ ಜಾಹೀರಾತುಗಳು ಈ ಹವ್ಯಾಸದ ಜೊತೆಗೇ ಹುಟ್ಟಿದವು. ಉತ್ಸಾಹದಲ್ಲಿ ಎರಡೇ ದಿನದಲ್ಲಿ ಇಡೀ ಕಾರನ್ನು ಬಿಚ್ಚಿ, ಯಾವ ಬೋಲ್ಟು ಎಲ್ಲಿಯದೆಂಬ ಗುರುತಿಡದೆ ಡಬ್ಬಿಗೆ ತುಂಬುವುದು ಮೊದಲ ತಪ್ಪು. ಮೂರು ವರ್ಷದ ನಂತರ ಅದನ್ನು ಜೋಡಿಸಲು ಹೊರಟವರಿಗೆ ಒಗಟು ಬಿಡಿಸಿದಂತಾಗುತ್ತದೆ. ನಡುವೆ ಯೋಜನೆ ಬದಲಿಸುವುದು ಎರಡನೆಯ ತಪ್ಪು. ಎಂಜಿನ್ ಬದಲಾದರೆ ಆಧಾರ, ಸೈಲೆನ್ಸರ್ ಕೊಳವೆ, ರೇಡಿಯೇಟರ್, ಸ್ಟೀರಿಂಗ್ ದಂಡ ಎಲ್ಲವೂ ಬದಲಾಗಿ ಒಂದು ವರ್ಷದ ಕೆಲಸ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ಮೂರನೆಯದು, ಅಗ್ಗಕ್ಕೆ ಸಿಕ್ಕಿತೆಂದು ಎಲ್ಲವನ್ನೂ ಮುಂಚಿತವಾಗಿ ಕೊಳ್ಳುವುದು. ಬ್ರೇಕಿನ ರಬ್ಬರ್ ಬಟ್ಟಲು, ಇಂಧನದ ಕೊಳವೆ, ಬ್ಯಾಟರಿ, ಟಯರ್ ಇವು ಕಪಾಟಿನಲ್ಲಿದ್ದರೂ ಮುಪ್ಪಾಗುತ್ತವೆ. ಟಯರಿನ ಪಕ್ಕದ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. ಹತ್ತು ವರ್ಷ ಕಾದ ‘ಹೊಸ’ ಟಯರಿನಲ್ಲಿ ಹೆದ್ದಾರಿಗೆ ಹೋಗುವುದು ಸುರಕ್ಷಿತವಲ್ಲ. ತಾತ್ಕಾಲಿಕ ಜೋಡಣೆಗೆ ಸವೆದ ಟಯರ್ ಸಾಕು. ಹೊಸದು ಕೊನೆಯ ತಿಂಗಳಿಗಿರಲಿ. ಬರಿ ಲೋಹವನ್ನು ಎಣ್ಣೆ ಅಥವಾ ಪ್ರೈಮರ್ ಇಲ್ಲದೆ ಬಿಡಬಾರದು. ನಿಂತ ಎಂಜಿನ್‌ನ ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು ಆಗಾಗ ಕೈಯಿಂದ ತಿರುಗಿಸುತ್ತಿರಬೇಕು.

ಇವೆಲ್ಲಕ್ಕೂ ಮೀರಿದ್ದು ಕುಟುಂಬದ ಸಮ್ಮತಿ. ಗ್ಯಾರೇಜಿನ ಜಾಗ, ಭಾನುವಾರಗಳು, ಉಳಿತಾಯದ ಹಣ ಎಲ್ಲವೂ ಮನೆಯವರ ಪಾಲಿನವೇ. ಪ್ರತಿವಾರ ಚಿಕ್ಕದಾದರೂ ಒಂದು ಕೆಲಸ ಮುಗಿಸುವವರು, ವರ್ಷಕ್ಕೆ ಇಷ್ಟೇ ಖರ್ಚು ಎಂದು ಗೆರೆ ಹಾಕಿಕೊಂಡವರು ಗುರಿ ಮುಟ್ಟುವ ಸಂಭವ ಹೆಚ್ಚು.

ಕಾಲ ಮತ್ತು ಕೈಕೆಲಸ ಎಷ್ಟು ದೂರ ಕೊಂಡೊಯ್ಯಬಲ್ಲವು ಎಂಬುದಕ್ಕೆ ಪ್ರಸಿದ್ಧ ನಿದರ್ಶನ ಕಾರಿನದಲ್ಲ, ಮೋಟಾರ್ ಸೈಕಲ್ಲಿನದು. ನ್ಯೂಜಿಲೆಂಡ್‌ನ ಇನ್ವರ್‌ಕಾರ್ಗಿಲ್‌ನ ಬರ್ಟ್ ಮನ್ರೊ 1920ರ ಇಂಡಿಯನ್ ಸ್ಕೌಟ್ ಬೈಕೊಂದನ್ನು ತಮ್ಮ ಶೆಡ್ಡಿನಲ್ಲಿ ದಶಕಗಳ ಕಾಲ ತಿದ್ದಿದರು. ಪಿಸ್ಟನ್‌ಗಳನ್ನೂ ಸ್ವತಃ ಎರಕ ಹೊಯ್ದರು. ಅದೇ ಬೈಕಿನಲ್ಲಿ 1967ರಲ್ಲಿ, 68ನೆಯ ವಯಸ್ಸಿನಲ್ಲಿ, ಬೊನ್‌ವಿಲ್ ಬಯಲಿನಲ್ಲಿ ಗಂಟೆಗೆ 183 ಮೈಲಿಗೂ ಮೀರಿದ ವೇಗದಲ್ಲಿ ದಾಖಲೆ ಸ್ಥಾಪಿಸಿದರು. ಅಂದರೆ ಗಂಟೆಗೆ ಸುಮಾರು 295 ಕಿಲೋಮೀಟರ್! ಅವರ ಕಥೆ 2005ರಲ್ಲಿ ಚಲನಚಿತ್ರವೂ ಆಯಿತು.

ಭಾರತದಲ್ಲಿ ಸಾಧ್ಯವೇ?

ಇದನ್ನೆಲ್ಲ ಓದಿ ಹಿತ್ತಲಿನ ಹಳೆಯ ಕಾರಿನತ್ತ ಕಣ್ಣು ಹಾಯಿಸುವವರು ಕಾನೂನನ್ನು ತಿಳಿದಿರುವುದು ಅವಶ್ಯ. ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿ 9ರಂದು ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿ ಇಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿತು. ಒಡಲು ಕತ್ತರಿಸಿ, ಬೇರೆ ಕಂಪನಿಯ ಎಂಜಿನ್ ಕೂರಿಸಿದ ಹಾಟ್ ರಾಡ್ ಈ ಚೌಕಟ್ಟಿನೊಳಗೆ ಸಾರ್ವಜನಿಕ ರಸ್ತೆಗೆ ಬರಲಾರದು.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ವಿಂಟೇಜ್ ವಾಹನ ನಿಯಮಗಳೂ ಇದಕ್ಕೆ ನೆರವಾಗುವುದಿಲ್ಲ. 50 ವರ್ಷ ಮೀರಿದ, ಮೂಲ ಸ್ವರೂಪದಲ್ಲೇ ಉಳಿದ ವಾಹನಗಳಿಗಷ್ಟೇ ‘ವಿಎ’ ಸರಣಿಯ ನೋಂದಣಿ ದೊರೆಯುತ್ತದೆ. ಅದಕ್ಕೆ ನಿಗದಿಯಾದ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಕಾಣಸಿಗುವಂಥ ಹಳೆಯ ಕಾರುಗಳ ಸಂರಕ್ಷಣೆಗೆ ನಮ್ಮಲ್ಲಿ ಹಾದಿಯಿದೆ; ರೂಪಾಂತರಕ್ಕೆ ಇಲ್ಲ.

ಹಾಗೆಂದು ಕೈಯಾರೆ ವಾಹನ ಕಟ್ಟುವ ಆಸೆಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಬಾಹಾ ಎಸ್‌ಎಇ ಇಂಡಿಯಾದಂತಹ ಸ್ಪರ್ಧೆಗಳಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಚಾಸಿಯಿಂದ ಮೊದಲ್ಗೊಂಡು ಇಡೀ ವಾಹನವನ್ನು ತಾವೇ ರೂಪಿಸಿ, ನಿಗದಿತ ಪಥದಲ್ಲಿ ಓಡಿಸುತ್ತಾರೆ. ಹಳೆಯ ಕಾರನ್ನು ಮೂಲ ಸ್ವರೂಪಕ್ಕೆ ಮರಳಿಸುವುದರಲ್ಲೂ ಇದೇ ಬೆಸುಗೆ, ಇದೇ ಟಿಂಕರಿಂಗ್, ಇದೇ ತಾಳ್ಮೆ ಬೇಕು.

ಅಮೆರಿಕದಲ್ಲಿ ನೆಲೆಸಿರುವ ಅಥವಾ ಅಲ್ಲಿಗೆ ಪ್ರವಾಸ ಹೋಗುವ ಕನ್ನಡಿಗರು ಲಾಸ್ ಏಂಜಲೀಸ್‌ನ ಪೀಟರ್ಸನ್ ಮೋಟಾರು ವಸ್ತುಸಂಗ್ರಹಾಲಯದಲ್ಲೋ ಬೇಸಿಗೆಯ ಊರ ಕಾರು ಮೇಳಗಳಲ್ಲೋ ಹಾಟ್ ರಾಡ್‌ಗಳನ್ನು ಹತ್ತಿರದಿಂದ ಕಾಣಬಹುದು. ಮೇಳಗಳಲ್ಲಿ ಹೊಳೆಯುವ ಕಾರುಗಳ ನಡುವೆ, ಪ್ರೈಮರ್ ಬಣ್ಣದಲ್ಲೇ ಬಂದು ನಿಂತ ಕಾರುಗಳೂ ಇರುತ್ತವೆ. ಅವುಗಳ ಪಕ್ಕ ನಿಂತು ಎಂಜಿನ್ನಿನ ಅಬ್ಬರಕ್ಕೆ ಬೆರಗಾಗುವ ಮುನ್ನ ಬಗ್ಗಿ ಬ್ರೇಕಿನ ಕೊಳವೆಗಳನ್ನು ನೋಡಬೇಕು. ಕಟ್ಟಿದವರು ಹಣವನ್ನು ಎಲ್ಲಿ ಉಳಿಸಿದರು, ಎಲ್ಲಿ ಉಳಿಸಲಿಲ್ಲ ಎಂಬುದು ಅಲ್ಲಿ ಗೊತ್ತಾಗುತ್ತದೆ.